ಜಾತ್ರೆಯ ಕಣದಿಂದ ಮ್ಯಾಟಿಗೆ: ನಮ್ಮ ಸೀಮೆಯ ಪೈಲ್ವಾನರಿಗೊಂದು ಕೈಪಿಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಜಾತ್ರೆ ಎಂದರೆ ಕುಸ್ತಿ ಇರಬೇಕು. ಹಲಗಿಯ ಸಪ್ಪಳ ಕೇಳಿದರೆ ಸಾಕು, ಕಬ್ಬಿನ ಗದ್ದೆಯವರು, ಮಗ್ಗದವರು, ಅಂಗಡಿಯವರು ಎಲ್ಲರೂ ಬಂದು ಕಣದ ಸುತ್ತ ಕೂಡುತ್ತಾರೆ. ಜೋಡಿ ಕಟ್ಟುವುದು ಹಿರಿಯರ ಕಣ್ಣಳತೆಯಲ್ಲಿ, ತೀರ್ಪು ಕೊಡುವುದು ಪಂಚರು. ನಿಕಾಲಿ ಕುಸ್ತಿ ಅಂದರೆ ಒಬ್ಬನ ಬೆನ್ನು ಮಣ್ಣಿಗೆ ಹತ್ತುವ ತನಕ ಆಟ ಮುಗಿಯುವುದಿಲ್ಲ. ಈ ಕಣದಲ್ಲಿ ಬೆಳೆದ ಹುಡುಗರಿಗೆ ಬಲದ ಕೊರತೆ ಇಲ್ಲ, ಡಾವುಗಳ ಕೊರತೆಯೂ ಇಲ್ಲ. ಆದರೂ ಅದೇ ಹುಡುಗ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಮೊದಲ ಸಲ ಮ್ಯಾಟ್ ಮೇಲೆ ನಿಂತಾಗ, ಬೆನ್ನು ತಾಗಿಸದೆಯೇ, ಎರಡು ನಿಮಿಷ ಆಗುವ ಮೊದಲೇ 10-0 ಅಂತರದಲ್ಲಿ ಸೋತು ಕೆಳಗಿಳಿಯುತ್ತಾನೆ. "ನಾ ಚಿತ್ ಆಗೇ ಇಲ್ಲಲ್ರಿ, ಸೋತದ್ದು ಹ್ಯಾಂಗ?" ಎಂದು ವಸ್ತಾದರನ್ನು ಕೇಳುತ್ತಾನೆ. ಅವನು ಸೋತದ್ದು ಎದುರಾಳಿಯ ಬಲಕ್ಕಲ್ಲ, ತನಗೆ ಗೊತ್ತಿಲ್ಲದ ನಿಯಮಕ್ಕೆ. ಇನ್ನು ಕೆಲವರು ಮ್ಯಾಟ್ ಹತ್ತುವ ಮೊದಲೇ ತಕ್ಕಡಿಯ ಮೇಲೆ ಸೋತಿರುತ್ತಾರೆ. ಈ ಎರಡೂ ಸೋಲುಗಳನ್ನು ಊರಲ್ಲೇ, ತಾಲೀಮಿನಲ್ಲೇ ತಪ್ಪಿಸಬಹುದು.

ಈ ತೊಂದರೆ ಹೊಸದೇನಲ್ಲ. ನಮ್ಮ ಕಡೆಯ ಪೈಲ್ವಾನರು ಇವತ್ತಿಗೂ ತಾಲೀಮಿಗೆಂದು ಹೋಗುವ ಕೊಲ್ಹಾಪುರದಲ್ಲಿ ಪಳಗಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರಿಗೆ ಮ್ಯಾಟಿನ ರೂಢಿ ಇರಲಿಲ್ಲ, ಅಂತರರಾಷ್ಟ್ರೀಯ ನಿಯಮಗಳೂ ಹೊಸವು. ಆರನೇ ಸ್ಥಾನ ಬಂತು. ಮುಂದಿನ ನಾಲ್ಕು ವರ್ಷ ಪಟ್ಟು ಹಿಡಿದು ತಯಾರಾದ ಅವರು 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ಕ್ರೀಡಾಪಟು ಒಬ್ಬನೇ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಕುಸ್ತಿಯಲ್ಲಿ ಎರಡನೆಯದು ಬರಲು 2008ರ ವರೆಗೆ, ಸುಶೀಲ್ ಕುಮಾರ್ ಬೀಜಿಂಗಿನಲ್ಲಿ ಗೆಲ್ಲುವ ವರೆಗೆ ಕಾಯಬೇಕಾಯಿತು.

ಯಾವ ದಾರಿ, ಯಾವ ಗುಂಪು

ಮ್ಯಾಟ್ ಕುಸ್ತಿಗೆ ನಮ್ಮಲ್ಲಿ ಮೂರು ದಾರಿಗಳಿವೆ. ಶಾಲೆ-ಕಾಲೇಜು ಮಕ್ಕಳಿಗೆ ಶಿಕ್ಷಣ ಇಲಾಖೆಯ ಕ್ರೀಡಾಕೂಟ. ಎಲ್ಲರಿಗೂ ತೆರೆದಿರುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟ. ಅಲ್ಲಿ ಜಿಲ್ಲೆಯಲ್ಲಿ ಗೆದ್ದವರು ಬೆಳಗಾವಿ ವಿಭಾಗಕ್ಕೆ, ಅಲ್ಲಿಂದ ಮೈಸೂರಿಗೆ ಹೋಗುತ್ತಾರೆ. ಮೂರನೆಯದು ಕುಸ್ತಿ ಸಂಘದವರು ರಾಜ್ಯ, ರಾಷ್ಟ್ರ ಮಟ್ಟಕ್ಕೆ ತಂಡ ಆರಿಸುವ ಆಯ್ಕೆ ಕುಸ್ತಿ. ಇವಲ್ಲದೆ ಮೈಸೂರು ದಸರಾ ಕುಸ್ತಿಯ ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕುಮಾರ ಪಟ್ಟಗಳಿವೆ. ಪ್ರತಿಯೊಂದರ ಸುತ್ತೋಲೆ ಬೇರೆ, ತೂಕದ ಪಟ್ಟಿ ಬೇರೆ, ವಯಸ್ಸಿನ ಗಡಿ ಬೇರೆ. ಹಾಗಾಗಿ ಸ್ಪರ್ಧೆಯ ಸುದ್ದಿ ಕಿವಿಗೆ ಬಿದ್ದ ದಿನವೇ ಸುತ್ತೋಲೆಯ ಪ್ರತಿ ತರಿಸಿ, ಓದಿ, ಗರಡಿ ಮನೆಯ ಗೋಡೆಗೆ ಅಂಟಿಸಿ. ಯಾರೋ ಫೋನಿನಲ್ಲಿ ಹೇಳಿದ್ದನ್ನು ನಂಬಿ ಹುಡುಗರನ್ನು ಬಸ್ಸು ಹತ್ತಿಸಬೇಡಿ.

ಜಾಗತಿಕ ಕುಸ್ತಿ ಸಂಸ್ಥೆಯ ಲೆಕ್ಕದಲ್ಲಿ ವಯಸ್ಸಿನ ಗುಂಪುಗಳು ಹೀಗಿವೆ: 15ರ ಒಳಗಿನವರು, 17ರ ಒಳಗಿನವರು, 20ರ ಒಳಗಿನವರು, 23ರ ಒಳಗಿನವರು, ಆಮೇಲೆ ಹಿರಿಯರು. 35 ದಾಟಿದವರಿಗೆ ವೆಟರನ್ಸ್ ಎಂಬ ಬೇರೆ ವಿಭಾಗವೇ ಇದೆ. ಒಂದು ಮೆಟ್ಟಿಲು ಮೇಲಿನ ಗುಂಪಿನಲ್ಲಿ ಆಡಬೇಕೆಂದರೆ ವೈದ್ಯರ ಪ್ರಮಾಣಪತ್ರ, ಎಳೆಯರಾದರೆ ತಂದೆ-ತಾಯಿಯ ಒಪ್ಪಿಗೆ ಪತ್ರವೂ ಬೇಕು. ಹಿರಿಯರ ಆಟ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. 17ರ ಒಳಗಿನವರಿಗೂ ವೆಟರನ್ಸಿಗೂ ತಲಾ 2 ನಿಮಿಷದ ಎರಡು ಸುತ್ತು.

ವಯಸ್ಸಿನ ದಾಖಲೆಯ ಬಗ್ಗೆ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ಹುಡುಗನ ವಯಸ್ಸನ್ನು ಎರಡು ವರ್ಷ ಇಳಿಸಿ ಸಣ್ಣವರ ಜೊತೆ ಆಡಿಸುವ ಚಾಳಿ ದೇಶದ ತುಂಬ ಇದೆ. ಸುಳ್ಳು ಜನನ ಪ್ರಮಾಣಪತ್ರ ಕೊಟ್ಟ ಪೈಲ್ವಾನರನ್ನು ಭಾರತೀಯ ಕುಸ್ತಿ ಒಕ್ಕೂಟ 2025ರಲ್ಲಿ ಅಮಾನತು ಮಾಡಿದೆ. ಹದಿನೈದರ ಹುಡುಗನ ಕುತ್ತಿಗೆಯ ಮೇಲೆ ಹದಿನೆಂಟರವನ ಭಾರ ಬಿದ್ದರೆ ಆಗುವ ಪೆಟ್ಟು ಕಾಗದದ ಮೇಲೆ ಕಾಣುವುದಿಲ್ಲ. ಆಧಾರ್, ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಈ ಮೂರರಲ್ಲೂ ಹೆಸರು ಮತ್ತು ಜನ್ಮದಿನ ಒಂದೇ ಇರಲಿ. ಇಲ್ಲದಿದ್ದರೆ ಈಗಲೇ ತಿದ್ದಿಸಿ. ಸ್ಪರ್ಧೆಯ ಬೆಳಿಗ್ಗೆ ಅದು ಆಗುವ ಕೆಲಸವಲ್ಲ.

ಅಂಕಗಳ ಲೆಕ್ಕ

ಮ್ಯಾಟಿನ ಮೇಲೂ ಚಿತ್ ಮಾಡುವುದೇ ಎಲ್ಲಕ್ಕಿಂತ ದೊಡ್ಡದು. ಎರಡೂ ಭುಜಗಳನ್ನು ಹಿಡಿತದಲ್ಲಿಟ್ಟು ಮ್ಯಾಟಿಗೆ ಒತ್ತಿದ್ದನ್ನು ರೆಫರಿ ಕಂಡು, ಇನ್ನೊಬ್ಬ ತೀರ್ಪುಗಾರರೂ ಒಪ್ಪಿದರೆ ಅಲ್ಲಿಯ ತನಕದ ಅಂಕಗಳಿಗೆ ಬೆಲೆ ಇಲ್ಲ. ಟೋಕಿಯೊ ಒಲಿಂಪಿಕ್ಸಿನ 57 ಕಿಲೋ ಸೆಮಿಫೈನಲ್ಲಿನಲ್ಲಿ ರವಿ ದಹಿಯಾ ಒಂದು ಹಂತದಲ್ಲಿ 2-9ರಿಂದ ಹಿಂದಿದ್ದರು. ಕೊನೆಯ ನಿಮಿಷದಲ್ಲಿ ಕಜಕಸ್ತಾನದ ಎದುರಾಳಿಯನ್ನು ಚಿತ್ ಮಾಡಿ ಫೈನಲ್ ತಲುಪಿದರು. ಮಣ್ಣಿನ ಪೈಲ್ವಾನರಿಗೆ ಈ ಗುಣ ಹುಟ್ಟಿನಿಂದಲೇ ಬಂದಿರುತ್ತದೆ, ಅದನ್ನು ಕಳೆದುಕೊಳ್ಳಬೇಡಿ. ಆದರೆ ಜಾತ್ರೆಯಲ್ಲಿ ಬೆನ್ನು ಒಂದು ಕ್ಷಣ ಮಣ್ಣಿಗೆ ತಾಗಿ ಎದ್ದರೂ ಜನ ಕೇಕೆ ಹಾಕುತ್ತಾರೆ. ಮ್ಯಾಟಿನಲ್ಲಿ ಹಾಗಲ್ಲ, ಒತ್ತಿ ಹಿಡಿಯಬೇಕು. ಹಾಗೆ ತಾಗಿಸಿದ ಕೂಡಲೇ ಗೆದ್ದೆನೆಂದು ಕೈ ಸಡಿಲಿಸಿ ಎದ್ದುನಿಂತು, ಗೆದ್ದ ಕುಸ್ತಿಯನ್ನು ಕೈಬಿಟ್ಟವರಿದ್ದಾರೆ.

ಇನ್ನು ಅಂಕಗಳು. ನಿಂತವನನ್ನು ಕೆಳಗೆ ತಂದು ಹಿಂದೆ ಹೋಗಿ ಹಿಡಿತ ಸಾಧಿಸಿದರೆ 2. ಕೆಳಗೆ ತಂದದ್ದು ಎಂದು ಯಾವಾಗ ಲೆಕ್ಕ? ಅವನ ದೇಹದ ಮೂರು ಕಡೆ ಮ್ಯಾಟಿಗೆ ತಾಗಬೇಕು: ಎರಡು ಮೊಣಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಮೊಣಕಾಲು. ಕೆಳಗೆ ತರುವಾಗಲೇ ಬೆನ್ನು ಮ್ಯಾಟಿನ ಕಡೆ ತಿರುಗಿದ್ದರೆ 4. ಎತ್ತಿ ದೊಡ್ಡ ಕಮಾನಿನಲ್ಲಿ ಒಗೆದರೆ 5ರ ತನಕ. ಕೆಳಗಿದ್ದವನು ತಿರುಗಿಬಿದ್ದು ಮೇಲೆ ಬಂದರೆ 1. ಎದುರಾಳಿಯನ್ನು ಗೆರೆಯ ಹೊರಗೆ ಕಾಲಿಡಿಸಿದರೆ 1. ಫ್ರೀಸ್ಟೈಲಿನಲ್ಲಿ ಅಂತರ 10 ಆದರೆ ಆಟ ಅಲ್ಲಿಗೇ ಮುಗಿಯಿತು. ಗ್ರೀಕೋ-ರೋಮನ್ನಿನಲ್ಲಿ 8 ಸಾಕು.

ನಮ್ಮ ಹುಡುಗರು ಪೆಟ್ಟು ತಿನ್ನುವ ಜಾಗವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಮಣ್ಣಿನಲ್ಲಿ ಕೆಳಗೆ ಬಿದ್ದರೆ ಹೊಟ್ಟೆಯ ಮೇಲೆ ಮಲಗಿ, ಕುತ್ತಿಗೆ ಗಟ್ಟಿ ಮಾಡಿ, ಮೇಲಿನವನು ಸುಸ್ತಾಗುವ ತನಕ ಕಾಯುವುದು ಒಳ್ಳೆಯ ರಕ್ಷಣೆ. ಹತ್ತು ನಿಮಿಷ ಹಾಗೇ ಬಿದ್ದಿದ್ದು ಎದ್ದು ಗೆದ್ದವರಿದ್ದಾರೆ. ಮ್ಯಾಟಿನಲ್ಲಿ ಹೀಗೆ ಮಲಗಿದವನ ಸೊಂಟಕ್ಕೆ ಎದುರಾಳಿ ಎರಡೂ ಕೈ ಸುತ್ತಿ, ಗಂಟು ಬಿಗಿದು, ತನ್ನ ಮೇಲಿಂದಲೇ ಅವನನ್ನು ಉರುಳಿಸುತ್ತಾನೆ. ಆ ಉರುಳಿನಲ್ಲಿ ಕೆಳಗಿನವನ ಬೆನ್ನು ಮ್ಯಾಟಿಗೆ 90 ಡಿಗ್ರಿಗಿಂತ ಕಡಿಮೆ ಕೋನಕ್ಕೆ ಬಂತೆಂದರೆ, ಭುಜ ತಾಗಲಿ ಬಿಡಲಿ, 2 ಅಂಕ. ಮತ್ತೆ ಉರುಳಿಸಿದರೆ ಮತ್ತೆ 2. ಕೆಳಗೆ ತಂದದ್ದಕ್ಕೆ 2, ನಾಲ್ಕು ಉರುಳಿಗೆ 8, ಒಟ್ಟು 10. ಅರ್ಧ ನಿಮಿಷದಲ್ಲಿ ಆಟ ಮುಗಿಯಿತು, ಚಿತ್ ಆಗಲೇ ಇಲ್ಲ. ಕಾಲುಗಳನ್ನು ಹೆಣೆದು ಕಟ್ಟಿ ಉರುಳಿಸುವ ಫಿತಲೆಯ ಲೆಕ್ಕವೂ ಇದೇ. 2012ರ ಲಂಡನ್ನಿನಲ್ಲಿ ಯೋಗೇಶ್ವರ ದತ್ತ 60 ಕಿಲೋ ವಿಭಾಗದ ಕಂಚಿನ ಪದಕದ ಆಟದಲ್ಲಿ ಉತ್ತರ ಕೊರಿಯಾದವನನ್ನು ಸರಸರನೆ ಉರುಳಿಸಿದ್ದು ಈ ಡಾವಿನಿಂದಲೇ. ಇದಕ್ಕೆ ಮದ್ದು ತಾಲೀಮಿನಲ್ಲೇ ಆಗಬೇಕು. ಕೆಳಗೆ ಬಿದ್ದ ಕೂಡಲೇ ಸೊಂಟವನ್ನು ಮ್ಯಾಟಿಗೆ ಒತ್ತಬೇಕು, ಮೊಣಕೈಗಳನ್ನು ಪಕ್ಕೆಗೆ ಬಿಗಿಯಬೇಕು, ಎದುರಾಳಿಯ ಕೈಗಂಟು ಕೂಡುವ ಮೊದಲೇ ಬೆರಳುಗಳನ್ನಲ್ಲ, ಮಣಿಕಟ್ಟನ್ನು ಹಿಡಿದು ಬಿಡಿಸಬೇಕು, ಉರುಳಿಸುವ ಕಡೆಗೆ ಕೈ-ಕಾಲು ಚಾಚಿ ತಡೆಯಬೇಕು. ಬೆರಳು ಹಿಡಿದು ತಿರುವಿದರೆ ಎಚ್ಚರಿಕೆ ಬೀಳುತ್ತದೆ. ಮೂರು ಎಚ್ಚರಿಕೆಯಾದರೆ ಆಟ ಕೈಬಿಟ್ಟ ಹಾಗೆ. ಎದುರಾಳಿಯ ಉಡುಪು ಹಿಡಿಯುವುದು, ಕೂದಲು ಎಳೆಯುವುದು, ಗಂಟಲು ಒತ್ತುವುದು, ಕಾಲಿನ ಕತ್ತರಿಯಲ್ಲಿ ಕುತ್ತಿಗೆ ಸಿಗಿಸುವುದು ಎಲ್ಲವೂ ನಿಷಿದ್ಧ. ಹಿಂದಿನಿಂದ ಎರಡೂ ಕಂಕುಳಲ್ಲಿ ಕೈ ಹಾಕಿ ಕುತ್ತಿಗೆ ಬಗ್ಗಿಸುವ ಡಬಲ್ ನೆಲ್ಸನ್ ಎಳೆಯರಿಗೂ ಹೆಣ್ಣುಮಕ್ಕಳಿಗೂ ಪೂರ್ತಿ ಬಂದ್.

ಎರಡನೇ ಪೆಟ್ಟು ಗೆರೆ. ಜಾತ್ರೆಯ ಕಣಕ್ಕೆ ಜನರೇ ಗಡಿ. ಅಂಚಿಗೆ ಹೋದರೆ ಪಂಚರು ಹಿಡಿದು ನಡುವೆ ತಂದು ಬಿಡುತ್ತಾರೆ. ಮ್ಯಾಟಿನಲ್ಲಿ ಆಟದ ಜಾಗ 9 ಮೀಟರ್ ವ್ಯಾಸದ ವೃತ್ತ, ಅದರ ಅಂಚಿನಲ್ಲಿ 1 ಮೀಟರ್ ಅಗಲದ ಬಣ್ಣದ ಪಟ್ಟಿ. ಆ ಪಟ್ಟಿ ಕಾಲಿಗೆ ಸಿಕ್ಕಿದರೆ ಅಪಾಯ ಹತ್ತಿರ ಬಂತೆಂದು ತಿಳಿದು ಸುತ್ತಿ ನಡುವಿಗೆ ಬರಬೇಕು. ಒಂದೊಂದೇ ಅಂಕ ಬಿಟ್ಟುಕೊಟ್ಟು ಸೋಲುವ ಕುಸ್ತಿಗಳು ಬಹಳ.

ಮೂರನೆಯದು ಸುಮ್ಮನೆ ಕೈ ಕಟ್ಟಿ ನಿಲ್ಲುವುದು. ತಲೆಗೆ ತಲೆ ಕೊಟ್ಟು ತೂಕ ನೋಡುತ್ತ ನಿಂತರೆ ರೆಫರಿ ಮೊದಲು ಬಾಯಲ್ಲಿ ಎಚ್ಚರಿಸುತ್ತಾನೆ. ಮತ್ತೂ ಹಾಗೇ ಮಾಡಿದರೆ ಫ್ರೀಸ್ಟೈಲಿನಲ್ಲಿ 30 ಸೆಕೆಂಡ್ ಗಡುವು. ಆ ಅರ್ಧ ನಿಮಿಷದಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ 1. ಅಂಕ ಸಮವಾದರೆ ದೊಡ್ಡ ಡಾವು ಹಾಕಿದವನಿಗೆ ಗೆಲುವು. ಅದೂ ಸಮವಾದರೆ ಕಡಿಮೆ ಎಚ್ಚರಿಕೆ ಪಡೆದವನಿಗೆ, ಅದೂ ಸಮವಾದರೆ ಕೊನೆಯ ಅಂಕ ಗಳಿಸಿದವನಿಗೆ. ಅಂದರೆ 1-1 ಇದ್ದು ಕೊನೆಯ ಅಂಕ ಎದುರಾಳಿಯದಾಗಿದ್ದರೆ ನೀವು ಸೋಲುತ್ತಿದ್ದೀರಿ. ಇದು ಗೊತ್ತಿಲ್ಲದೆ, ಕುಸ್ತಿ ಬರೋಬರಿ ಆಗುತ್ತದೆಂದು ಕೊನೆಯ ನಿಮಿಷ ಕಳೆಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ರಿಯೊ 2016ರಲ್ಲಿ ಸಾಕ್ಷಿ ಮಲಿಕ್ ಕಂಚಿನ ಆಟದಲ್ಲಿ 0-5ರಿಂದ ಹಿಂದಿದ್ದು, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಮುಂದೆ ಬಂದರು. ಎದುರಾಳಿಯ ಕಡೆಯವರು ವಿಡಿಯೊ ನೋಡಿ ಮರುಪರಿಶೀಲಿಸಿ ಎಂದು ಕೇಳಿದರು. ಆ ಮನವಿ ಬಿದ್ದುಹೋದದ್ದರಿಂದ ಸಾಕ್ಷಿಗೆ ಇನ್ನೊಂದು ಅಂಕ ಸೇರಿ 8-5 ಆಯಿತು. ಮನವಿ ಬಿದ್ದುಹೋದರೆ ಒಂದು ಅಂಕ ದಂಡ ಎಂಬುದು ಅಂಚಿನಲ್ಲಿ ಕೂತ ವಸ್ತಾದರಿಗೆ ನೆನಪಿರಬೇಕು. ವಿಡಿಯೊ ಇಲ್ಲದ ತಾಲೂಕು, ಜಿಲ್ಲಾ ಕೂಟಗಳಲ್ಲಿ ರೆಫರಿಯ ಮಾತೇ ಕೊನೆ. ಅಲ್ಲಿ ಜಗಳ ತೆಗೆದರೆ ಹುಡುಗನ ಮನಸ್ಸು ಕೆಡುತ್ತದೆ, ಬೇರೇನೂ ಆಗುವುದಿಲ್ಲ.

ಫ್ರೀಸ್ಟೈಲ್, ಗ್ರೀಕೋ-ರೋಮನ್ ಎರಡರಲ್ಲಿ ಯಾವುದು ಎಂಬ ಪ್ರಶ್ನೆ ಬರುತ್ತದೆ. ಗ್ರೀಕೋ-ರೋಮನ್ನಿನಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲು ಬಳಸಿ ಬೀಳಿಸುವಂತೆಯೂ ಇಲ್ಲ. ಭೀಮ ದುರ್ಯೋಧನನ ತೊಡೆ ಮುರಿದ ಗದಾಯುದ್ಧವನ್ನು ಕಾವ್ಯ ಮಾಡಿದ ರನ್ನನ ಊರು ಮುಧೋಳ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದದ್ದರ ಚರ್ಚೆ ಅಷ್ಟು ಹಿಂದಿನಿಂದ ಗೊತ್ತಿರುವ ಸೀಮೆಗೆ ಈ ಆಟದ ನೀತಿ ಹೊಸದೆನಿಸಬಾರದು. ಢಾಕ, ಕಲಾಜಂಗದಂತಹ ಎತ್ತಿ ಒಗೆಯುವ ಡಾವುಗಳಲ್ಲಿ ಕೈ ಪಳಗಿದವರು ಗ್ರೀಕೋ-ರೋಮನ್ ಒಮ್ಮೆ ಪ್ರಯತ್ನಿಸಿ ನೋಡಬೇಕು. ಕಲಾಜಂಗವನ್ನು ಮಾತ್ರ ಕಾಲು ಹಿಡಿಯದೆ ಹಾಕುವುದನ್ನು ಕಲಿಯಬೇಕಾಗುತ್ತದೆ. ಕರ್ನಾಟಕದ ಅರ್ಜುನ ಹಲಕುರ್ಕಿ 2020ರಲ್ಲಿ ದಿಲ್ಲಿಯ ಏಷ್ಯನ್ ಚಾಂಪಿಯನ್‌ಷಿಪ್ಪಿನಲ್ಲಿ 55 ಕಿಲೋ ಕಂಚು ಗೆದ್ದದ್ದು ಈ ಶೈಲಿಯಲ್ಲೇ. ಏಕೇರಿ ಪಟ, ಅಂದರೆ ಎದುರಾಳಿಯ ಒಂದು ಕಾಲು ಹಿಡಿದು ಎಳೆಯುವುದರಲ್ಲಿ ಚುರುಕಾಗಿರುವವರಿಗೆ ಫ್ರೀಸ್ಟೈಲೇ ಸರಿ.

ತಕ್ಕಡಿ

ಪ್ಯಾರಿಸ್ 2024ರಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್ ತಲುಪಿ, ಎರಡನೇ ಬೆಳಿಗ್ಗೆ ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದದ್ದು ದೇಶಕ್ಕೆಲ್ಲ ಗೊತ್ತು. ಅವರ ಹಿಂದೆ ವೈದ್ಯರು, ಆಹಾರ ತಜ್ಞರು, ತರಬೇತುದಾರರು ಇದ್ದರು. ಬನಹಟ್ಟಿಯ ಹುಡುಗನ ಹಿಂದೆ ಅವನ ವಸ್ತಾದ ಮಾತ್ರ. ಹಾಗಾಗಿ ತೂಕದ ಬಗ್ಗೆ ಅವನು ಇನ್ನೂ ಹೆಚ್ಚು ಎಚ್ಚರ ಇರಬೇಕು.

ಪ್ಯಾರಿಸಿನಲ್ಲಿ ಗಂಡಸರ ಫ್ರೀಸ್ಟೈಲ್ ತೂಕಗಳು 57, 65, 74, 86, 97, 125 ಕಿಲೋ. ಹೆಂಗಸರದು 50, 53, 57, 62, 68, 76. ಒಲಿಂಪಿಕ್ಸ್ ಬಿಟ್ಟು ಹಿರಿಯರ ಹಲವು ಸ್ಪರ್ಧೆಗಳಲ್ಲಿ ಗಂಡಸರಿಗೆ 61, 70, 79, 92 ಕೂಡ ಸೇರಿ ಹತ್ತು ವಿಭಾಗ ಇಟ್ಟಿದ್ದಾರೆ. ನಿಮ್ಮ ಕೂಟದಲ್ಲಿ ಯಾವುವು ಇವೆ ಎಂಬುದನ್ನು ಸುತ್ತೋಲೆಯೇ ಹೇಳಬೇಕು. ಒಂದು ಉದಾಹರಣೆ: ನಿಮ್ಮ ಬೆಳಗಿನ ತೂಕ 68 ಕಿಲೋ. 65ಕ್ಕೆ ಇಳಿಯಬೇಕೆಂದರೆ 3 ಕಿಲೋ, ಅಂದರೆ ದೇಹದ ನೂರಕ್ಕೆ ನಾಲ್ಕೂವರೆ ಭಾಗ. ಆರು ವಾರ ಇದ್ದರೆ ವಾರಕ್ಕೆ ಅರ್ಧ ಕಿಲೋದಂತೆ ಊಟ ಸರಿಪಡಿಸಿಕೊಂಡೇ ಇಳಿಸಬಹುದು. ಸ್ಪರ್ಧೆ ಮುಂದಿನ ಭಾನುವಾರವೆಂದರೆ 70ರಲ್ಲೇ ಆಡಿ. ವಾರಕ್ಕೆ 1 ಕಿಲೋ ಮೀರಿ ಇಳಿಸಿದರೆ ಕೊಬ್ಬಿನ ಜೊತೆ ತೋಳಿನ ಬಲವೂ ಇಳಿಯುತ್ತದೆ. 15ರ ಒಳಗಿನ ಮಕ್ಕಳ ತೂಕವನ್ನು ಇಳಿಸಲೇಬಾರದು. ಅವರು ಬೆಳೆಯುವ ಮಕ್ಕಳು, ಇದ್ದ ತೂಕದಲ್ಲಿ ಆಡಲಿ.

ಕೊನೆಯ ಎರಡು ದಿನ ನೀರು ಬಿಟ್ಟು, ಸ್ವೆಟರ್ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಿಸಿಲಲ್ಲಿ ಓಡುವ ಪದ್ಧತಿ ಸಾವಿಗೆ ದಾರಿ. 1997ರ ನವೆಂಬರ್-ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಪೈಲ್ವಾನರು ಹೀಗೆ ಬೆವರು ಹರಿಸಿ ತೂಕ ಇಳಿಸುವಾಗ ಸತ್ತರು. ಅದಾದ ಮೇಲೆ ಅಲ್ಲಿ ತೂಕದ ನಿಯಮಗಳನ್ನೇ ಬದಲಿಸಿದರು. ಅದು ಚಳಿಗಾಲದ ಮಾತು. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಇದನ್ನು ಮಾಡಿಸುವ ಯಾರ ಮಾತನ್ನೂ ಕೇಳಬೇಡಿ, ಅವರು ಎಷ್ಟೇ ದೊಡ್ಡ ಪೈಲ್ವಾನರಾಗಿದ್ದರೂ. ಮೂತ್ರ ಹೆಚ್ಚಿಸುವ ಮಾತ್ರೆಗಳು ಉದ್ದೀಪನ ಮದ್ದಿನ ನಿಷೇಧಿತ ಪಟ್ಟಿಯಲ್ಲಿವೆ. ಸಿಕ್ಕಿಬಿದ್ದರೆ ವರ್ಷಗಟ್ಟಲೆ ಆಟ ಬಂದ್.

ಊಟದಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಜೋಳದ ರೊಟ್ಟಿ, ಮಡಿಕೆ ಕಾಳು, ಹೆಸರುಕಾಳು, ಮೊಸರು, ಶೇಂಗಾ, ತಿನ್ನುವವರಾದರೆ ತತ್ತಿ: ನಮ್ಮ ಅಡುಗೆಮನೆಯ ಈ ಸಾಮಾನುಗಳಲ್ಲೇ ಪೈಲ್ವಾನನ ಬಲ ಇದೆ. ದಿನಕ್ಕೆ ದೇಹದ ಪ್ರತಿ ಕಿಲೋಗೆ ಒಂದೂವರೆಯಿಂದ ಎರಡು ಗ್ರಾಂ ಪ್ರೋಟೀನ್ ಸಾಕು. ಹಳೆಯ ಖುರಾಕಿನಲ್ಲಿ ತುಪ್ಪ, ಬಾದಾಮಿ, ಹಾಲು ಲೆಕ್ಕವಿಲ್ಲದೆ ಇದ್ದದ್ದು ಸಾವಿರ ಬೈಠಕ್ ಹೊಡೆಯುವವರಿಗೆ. ತೂಕದ ಗಡಿಯಲ್ಲಿ ಆಡುವವನು ತುಪ್ಪವನ್ನೂ ಕರದಂಟನ್ನೂ ಅಳತೆಯಲ್ಲಿಡಬೇಕು. ಇಳಿಸುವಾಗ ಮೊದಲು ಬಿಡಬೇಕಾದದ್ದು ಸಕ್ಕರೆ ಚಹಾ, ಕರಿದ ಭಜಿ, ಬಾಟಲಿಯ ಪಾನೀಯ. ರೊಟ್ಟಿ, ಕಾಳು ಬಿಡಬೇಡಿ.

ಗರಡಿಯ ಹಳೆಯ ತಕ್ಕಡಿಯನ್ನು ನಂಬಬೇಡಿ. ಮುದ್ರೆ ಬಿದ್ದ ಎಲೆಕ್ಟ್ರಾನಿಕ್ ತಕ್ಕಡಿ ಊರಿನ ಸೊಸೈಟಿಯಲ್ಲೋ ಬೆಲ್ಲದ ಪೇಟೆಯಲ್ಲೋ ಸಿಗುತ್ತದೆ. ವಾರಕ್ಕೊಮ್ಮೆ ಅದರಲ್ಲಿ, ಬೆಳಿಗ್ಗೆ ಹೊಟ್ಟೆ ಖಾಲಿ ಇದ್ದಾಗ ತೂಗಿ ಬರೆದಿಡಿ. ಕೂಟದ ಸ್ಥಳಕ್ಕೆ ಹೋದ ಕೂಡಲೇ ಅಲ್ಲಿಯ ತಕ್ಕಡಿಯಲ್ಲಿ ಒಮ್ಮೆ ಹತ್ತಿ ನೋಡಲು ಕೇಳಿ. ತೂಕದ ಸಮಯ ಮುಗಿಯುವ ತನಕ ಎಷ್ಟು ಸಲ ಬೇಕಾದರೂ ತಕ್ಕಡಿ ಹತ್ತುವ ಹಕ್ಕು ಪೈಲ್ವಾನನಿಗೆ ಇದೆ. ಆಡುವ ಉಡುಪಿನಲ್ಲೇ ತೂಗುತ್ತಾರೆ, ಅದರ ತೂಕ ಕಳೆಯುವುದಿಲ್ಲ. ಎರಡು ದಿನದ ಕೂಟವಾದರೆ ಎರಡನೇ ಬೆಳಿಗ್ಗೆ ಮತ್ತೆ ತೂಗುತ್ತಾರೆ. ಮೊದಲ ದಿನ ಗೆದ್ದ ಖುಷಿಯಲ್ಲಿ ರಾತ್ರಿ ಹೋಟೆಲಿನಲ್ಲಿ ಹೊಟ್ಟೆ ಬಿರಿಯ ತಿಂದವರು ಎರಡನೇ ದಿನ ಪದಕ ಕಳೆದುಕೊಳ್ಳುತ್ತಾರೆ.

ಮಣ್ಣಿನ ಮೈಗೆ ಮ್ಯಾಟಿನ ರೂಢಿ

ಅರಿಶಿನ, ಎಣ್ಣೆ, ಮಜ್ಜಿಗೆ, ನಿಂಬೆಹಣ್ಣು ಬೆರೆಸಿ ಹದ ಮಾಡಿದ ಕೆಮ್ಮಣ್ಣು ಕಾಲನ್ನು ಹಿಡಿದುಕೊಳ್ಳುತ್ತದೆ, ಆಟವನ್ನು ನಿಧಾನ ಮಾಡುತ್ತದೆ. ಮ್ಯಾಟ್ ಕಾಲನ್ನು ಚಿಮ್ಮಿಸುತ್ತದೆ. ಬೂಟು ಹಾಕಿದ ಕಾಲು ಇನ್ನೂ ಬೇಗ ಓಡುತ್ತದೆ. ಮಣ್ಣಿನಲ್ಲಿ ಎರಡು ಹೆಜ್ಜೆ ದೂರದಿಂದ ಪಟ ಎಳೆಯಲು ಬರುವವನನ್ನು ಕಾಣಬಹುದು, ಮ್ಯಾಟಿನಲ್ಲಿ ಕಾಣುವ ಹೊತ್ತಿಗೆ ಅವನು ನಿಮ್ಮ ಮೊಣಕಾಲು ಹಿಡಿದಿರುತ್ತಾನೆ. ಹಾಗಾಗಿ ನಿಲುವು ಇನ್ನೂ ತಗ್ಗಬೇಕು, ತಲೆ ಮೇಲಿರಬೇಕು, ಕೈಗಳು ಮುಂದಿರಬೇಕು.

ಮ್ಯಾಟ್ ಇಲ್ಲದ ಊರುಗಳೇ ಹೆಚ್ಚು. ಇಲ್ಲದಿದ್ದರೂ ಅರ್ಧ ತಯಾರಿ ಸಾಧ್ಯ. ಗಟ್ಟಿ ನೆಲದ ಮೇಲೆ ಸುಣ್ಣದಿಂದ 9 ಮೀಟರ್ ವೃತ್ತ ಎಳೆಯಿರಿ. ಒಬ್ಬರು ಸೀಟಿ, ಮೊಬೈಲಿನ ಗಡಿಯಾರ ಹಿಡಿದು ರೆಫರಿಯಾಗಲಿ. ಬೀಳಿಸುವುದು ಬೇಡ, ಬರೀ ಹಿಡಿತ, ನೂಕಾಟ, ಗೆರೆಯ ಹೊರಗೆ ತಳ್ಳುವುದು, ಗೆರೆಯಿಂದ ಸುತ್ತಿ ಒಳಗೆ ಬರುವುದು. ಮೂರು ನಿಮಿಷ ಆಟ, ಮೂವತ್ತು ಸೆಕೆಂಡ್ ವಿರಾಮ, ಮತ್ತೆ ಮೂರು ನಿಮಿಷ. ಬೀಳುವ ಅಭ್ಯಾಸ ಮಣ್ಣಿನಲ್ಲೇ ಆಗಲಿ. ವಾರಕ್ಕೊಂದು ದಿನವಾದರೂ ಮ್ಯಾಟ್ ಇರುವ ಕಡೆ ಹೋಗಿ ಬೂಟು ಹಾಕಿ ಆಡಿ. ಹೊಸ ಬೂಟನ್ನು ಸ್ಪರ್ಧೆಯ ದಿನ ಮೊದಲ ಸಲ ಹಾಕಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಬರುತ್ತದೆ. ಲೇಸನ್ನು ಟೇಪಿನಿಂದ ಮುಚ್ಚುವುದು ನಿಯಮ.

ಉಸಿರಿನ ತಯಾರಿಯೂ ಬೇರೆ. ಜಾತ್ರೆಯ ಪೈಲ್ವಾನ ಅರ್ಧ ಗಂಟೆ ಹಿಡಿದು ನಿಲ್ಲಬಲ್ಲ, ಆದರೆ ಆರು ನಿಮಿಷದಲ್ಲಿ ಇಪ್ಪತ್ತು ಸಲ ಸಿಡಿಲಿನಂತೆ ನುಗ್ಗುವುದು ಬೇರೆಯದೇ ದಮ್ಮು ಬೇಡುತ್ತದೆ. ದಂಡ, ಬೈಠಕ್, ಹಗ್ಗ ಹತ್ತುವುದು ಬಿಡಬೇಡಿ. ಅವಕ್ಕೆ 30 ಸೆಕೆಂಡ್ ಪೂರ್ತಿ ಬಲದ ಓಟ, 30 ಸೆಕೆಂಡ್ ನಡಿಗೆ ಎಂಬಂತಹ ಸುತ್ತುಗಳನ್ನು ವಾರಕ್ಕೆ ಎರಡು ಸಲ ಸೇರಿಸಿ. ಕುತ್ತಿಗೆಯ ಸಾಮನ್ನು ದಿನವೂ ಮಾಡಿ, ಮ್ಯಾಟಿನಲ್ಲಿ ಕುತ್ತಿಗೆಗೆ ಬೀಳುವ ಹೊರೆ ಹೆಚ್ಚು. ನಮ್ಮಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಎಷ್ಟೋ ಪೈಲ್ವಾನರು ದಿನವಿಡೀ ಗದ್ದೆಯಲ್ಲಿರುತ್ತಾರೆ. ಕಬ್ಬು ಕಡಿದು ಬಂದ ದಿನ ಸಂಜೆ ಹೊಸ ಡಾವು ಕಲಿಸಬೇಡಿ. ಮೈ ಸಡಿಲಿಸಿ ನಿದ್ದೆ ಮಾಡಿಸಿ.

ಚರ್ಮ, ಉಗುರು, ಔಷಧಿ

ತೂಗುವ ಮೊದಲು ವೈದ್ಯರು ಮೈ ನೋಡುತ್ತಾರೆ. ಹುಳುಕಡ್ಡಿ, ಕೀವುಗುಳ್ಳೆ ಇದ್ದರೆ ಆಟಕ್ಕಿಲ್ಲ, ಏಕೆಂದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹತ್ತುತ್ತದೆ. ಹುಳುಕಡ್ಡಿ ಕಂಡ ದಿನವೇ ವೈದ್ಯರಿಗೆ ತೋರಿಸಿ. ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಮೂರು ದಿನ ಮಾಯವಾದಂತೆ ಕಂಡು, ಆಮೇಲೆ ಎರಡರಷ್ಟು ಹಬ್ಬುತ್ತದೆ. ವಾಸಿಯಾಗಲು ವಾರಗಳೇ ಬೇಕು, ಆದ್ದರಿಂದ ಕೊನೆಯ ವಾರದ ತನಕ ಕಾಯಬೇಡಿ. ಲಂಗೋಟ, ಟವೆಲ್ಲು ಹಂಚಿಕೊಳ್ಳಬೇಡಿ, ತಾಲೀಮು ಮುಗಿದ ಕೂಡಲೇ ಸ್ನಾನ ಮಾಡಿ. ಮಣ್ಣಿನಲ್ಲಿ ಆಡುವವರೆಲ್ಲ ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡಿರಲಿ. ಉಗುರು ಮೋಟಾಗಿರಲಿ. ಉಂಗುರ, ಕಡಗ, ತಾಯತ, ಕೊರಳದಾರ ಯಾವುದೂ ಮೈಮೇಲೆ ಇರಬಾರದು. ಎಣ್ಣೆ ತಿಕ್ಕಿಸಿಕೊಂಡು ಬಂದರೆ ರೆಫರಿ ಒರೆಸಿಕೊಂಡು ಬಾ ಎಂದು ಕಳಿಸುತ್ತಾನೆ.

ಕೆಮ್ಮು, ನೆಗಡಿ, ಮೈಕೈ ನೋವಿಗೆ ತೆಗೆದುಕೊಳ್ಳುವ ಔಷಧಿಯಲ್ಲೂ ನಿಷೇಧಿತ ವಸ್ತು ಇರಬಹುದು. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಬಹುದು. ಹೆಸರಿಲ್ಲದ ಡಬ್ಬಿಯ ಪುಡಿಯನ್ನು ಜಿಮ್ಮಿನವರು ಕೊಟ್ಟರೆ ಬೇಡ ಎನ್ನಿ. ನಾನು ತಿಳಿಯದೆ ತಿಂದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಮೈಯಲ್ಲಿ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ.

ಹೆಣ್ಣುಮಕ್ಕಳು, ಮೂವತ್ತೈದು ದಾಟಿದವರು

ಹೆಣ್ಣುಮಕ್ಕಳ ಕುಸ್ತಿ ಒಲಿಂಪಿಕ್ಸಿಗೆ ಸೇರಿದ್ದು 2004ರಲ್ಲಿ. ನಮ್ಮ ಜಾತ್ರೆಯ ಕಣದಲ್ಲಿ ಅವರಿಗೆ ಜೋಡಿ ಸಿಗುವುದು ಕಷ್ಟ, ಆದ್ದರಿಂದ ಮ್ಯಾಟೇ ಅವರ ಅಂಗಳ. ಮಣ್ಣಿನ ಹಳೆಯ ಅಭ್ಯಾಸ ಮರೆಯಬೇಕಾದ ಕಷ್ಟ ಇಲ್ಲದ್ದರಿಂದ ಅವರು ಎಷ್ಟೋ ಸಲ ಅಣ್ಣಂದಿರಿಗಿಂತ ಬೇಗ ಕಲಿಯುತ್ತಾರೆ. ತಂದೆಯಂದಿರು ಮಗನ ಜೊತೆ ಮಗಳನ್ನೂ ತಾಲೀಮಿಗೆ ಕರೆತರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಕೂದಲನ್ನು ಪಿನ್ನು, ಕ್ಲಿಪ್ಪು ಇಲ್ಲದೆ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಬೇಕು. ತಂತಿ ಇರುವ ಒಳ ಉಡುಪು ನಿಷಿದ್ಧ. ಮುಟ್ಟಿನ ದಿನಗಳಲ್ಲಿ ತೂಕ ಒಂದೆರಡು ಕಿಲೋ ಏರುವುದು ಸಹಜ. ಅದನ್ನು ಲೆಕ್ಕದಲ್ಲಿಟ್ಟು ತೂಕದ ಗುಂಪು ಆರಿಸಿ. ತೂಕ ಇಳಿಸುವಾಗ ಮುಟ್ಟು ನಿಂತುಹೋದರೆ ಊಟ ತೀರ ಕಡಿಮೆಯಾಗಿದೆ ಎಂದರ್ಥ, ವೈದ್ಯರನ್ನು ಕಾಣಬೇಕು.

ಹತ್ತು ವರ್ಷ ಬಿಟ್ಟು ಮತ್ತೆ ಆಡಬೇಕೆನ್ನುವ ಹಿರಿಯರು ಮೊದಲು ರಕ್ತದೊತ್ತಡ, ಸಕ್ಕರೆ, ಇಸಿಜಿ ಮಾಡಿಸಿ. ಹಳೆಯ ನೆನಪು ಮನಸ್ಸಿಗೆ ಇರುತ್ತದೆ, ಮೊಣಕಾಲಿಗೆ ಇರುವುದಿಲ್ಲ. ಮೂರು ತಿಂಗಳು ಬರೀ ಸಾಮು, ನಡಿಗೆ, ಮೈ ಸಡಿಲಿಸುವುದು, ಆಮೇಲೆ ಜೋಡಿಯೊಂದಿಗೆ ಮೆಲ್ಲಗೆ.

ಸ್ಪರ್ಧೆಯ ದಿನ

ತೂಕ ಆದ ಮೇಲೆ ಗಬಗಬ ತಿನ್ನಬೇಡಿ. ಮೊದಲು ಉಪ್ಪು-ಸಕ್ಕರೆ ನೀರು ಅಥವಾ ಮಜ್ಜಿಗೆ, ಆಮೇಲೆ ಬಾಳೆಹಣ್ಣು, ಅವಲಕ್ಕಿ ಇಲ್ಲವೇ ಇಡ್ಲಿ. ಎಣ್ಣೆ, ಖಾರ ಬೇಡ. ಮೈ ಬಿಸಿ ಮಾಡಿಕೊಂಡು ಅಂಚಿನಲ್ಲೇ ಇರಿ. ಹೆಸರನ್ನು ಮೂರು ಸಲ ಕೂಗುತ್ತಾರೆ. ಅಷ್ಟರಲ್ಲಿ ಮ್ಯಾಟಿಗೆ ಬಾರದವನು ಸೋತಂತೆ. ಕೆಂಪು, ನೀಲಿ ಎರಡೂ ಉಡುಪು ಚೀಲದಲ್ಲಿರಲಿ, ಯಾವ ಮೂಲೆ ಸಿಗುತ್ತದೋ ಗೊತ್ತಿಲ್ಲ.

ಮೊದಲ ಆಟ ಸೋತ ಕೂಡಲೇ ಬಸ್ ಸ್ಟ್ಯಾಂಡಿಗೆ ಹೋಗಬೇಡಿ. ನಿಮ್ಮನ್ನು ಸೋಲಿಸಿದವನು ಫೈನಲ್ ತಲುಪಿದರೆ ರೆಪೆಶಾಜ್ ಮೂಲಕ ಕಂಚಿಗೆ ಆಡುವ ಅವಕಾಶ ನಿಮಗೆ ಮತ್ತೆ ಬರುತ್ತದೆ. ವಿಭಾಗದಲ್ಲಿ ಆರಕ್ಕಿಂತ ಕಡಿಮೆ ಜನ ಇದ್ದರೆ ಎಲ್ಲರೂ ಎಲ್ಲರೊಂದಿಗೆ ಆಡುವ ಪದ್ಧತಿ ಇದೆ. ಅಲ್ಲಿ ಒಂದು ಸೋಲಿನಿಂದ ಏನೂ ಮುಗಿಯುವುದಿಲ್ಲ. ಕಿವಿ ಊದಿಕೊಂಡರೆ ಪೈಲ್ವಾನನ ಗುರುತೆಂದು ಹೆಮ್ಮೆ ಪಡದೆ ಒಂದೆರಡು ದಿನದೊಳಗೆ ವೈದ್ಯರಲ್ಲಿ ರಕ್ತ ತೆಗೆಸಿ, ಗಟ್ಟಿಯಾದ ಮೇಲೆ ಅದು ಸರಿಹೋಗುವುದಿಲ್ಲ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು, ಮಾತು ತೊದಲುವುದು ಕಂಡರೆ ಮುಂದಿನ ಆಟ ಬಿಡಿಸಿ ನೇರ ಆಸ್ಪತ್ರೆಗೆ. ಗೆದ್ದಿದ್ದರೆ ಪ್ರಮಾಣಪತ್ರ ಕೈಗೆ ಬಂದಾಗ ಹೆಸರು, ಜನ್ಮದಿನ, ತೂಕದ ಗುಂಪು, ಸಹಿ, ಮುದ್ರೆ ಎಲ್ಲವನ್ನೂ ಅಲ್ಲೇ ನಿಂತು ಓದಿ. ಕಾಲೇಜು ಸೀಟಿನ, ನೌಕರಿಯ ಕ್ರೀಡಾ ಮೀಸಲಾತಿಗೆ ಕೇಳುವುದು ಅದನ್ನೇ, ಮತ್ತು ತಪ್ಪಿದ್ದರೆ ತಿದ್ದಿ ಕೊಡುವವರು ಆ ದಿನ ಆ ಮೇಜಿನ ಹಿಂದೆಯೇ ಇರುತ್ತಾರೆ.